ವಿಂಡೋಸ್ 10 ಮುಗಿಯಿತು, ಅಂಗಡಿಯ ಕಂಪ್ಯೂಟರ್ ಮುಗಿದಿಲ್ಲ: ಬದಲಾಯಿಸುವ ಮೊದಲು ತಿಳಿದಿರಬೇಕಾದ ವಿಷಯಗಳು

ಕುಂದಾಪುರ: ಕೋಡಿಯ ಜೆರಾಕ್ಸ್ ಅಂಗಡಿ ಇರಲಿ, ಕುಂದಾಪುರ ಪೇಟೆಯ ಮೆಡಿಕಲ್ ಇರಲಿ, ಕೋಟೇಶ್ವರ, ತೆಕ್ಕಟ್ಟೆ, ಬೈಂದೂರು, ಬ್ರಹ್ಮಾವರದ ಹಾರ್ಡ್‌ವೇರ್ ಅಂಗಡಿ ಇರಲಿ, ಕೌಂಟರ್ ಹಿಂದೆ ಒಂದು ಕಂಪ್ಯೂಟರ್ ಇದ್ದೇ ಇರ್ತದೆ. ಅದರಲ್ಲಿ ವಿಂಡೋಸ್ 10 ಇದ್ದರೆ ಒಂದು ಸಂದೇಶ ಪದೇ ಪದೇ ಬಂದಿರ್ತದೆ: ನಿಮ್ಮ ವಿಂಡೋಸ್‌ಗೆ ಇನ್ನು ಬೆಂಬಲ ಇಲ್ಲ. ಕೆಲವರು ಅದನ್ನು ಮುಚ್ಚಿ ಬಿಲ್ ಹಾಕ್ತಾ ಇದ್ದಾರೆ. ಕೆಲವರು ಹೆದರಿ ಹೊಸ ಕಂಪ್ಯೂಟರಿಗೆ ರೇಟ್ ಕೇಳಿದ್ದಾರೆ. ಎರಡೂ ಅವಸರದ ಕೆಲಸವೇ.

ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿದಿದೆ. ಹಾಗಾದರೆ ಅಂಗಡಿಯವರು ಎಂತ ಮಾಡಬೇಕು? ಯಾರಿಗೆ ಖರ್ಚಿಲ್ಲದೆ ಆಗ್ತದೆ, ಯಾರಿಗೆ ಆಗುವುದಿಲ್ಲ? ಬದಲಾಯಿಸಿದ ಮೇಲೆ ದಿನದ ಕೆಲಸದಲ್ಲಿ ಏನೇನು ವ್ಯತ್ಯಾಸ ಕಾಣ್ತದೆ? ಒಂದೊಂದಾಗಿ ನೋಡುವ.

ಹ್ವಾಯ್, ಕಂಪ್ಯೂಟರ್ ಬಂದ್ ಆತ್ತಾ?

ಇಲ್ಲ. ನಿನ್ನೆ ಓಡಿದ ಕಂಪ್ಯೂಟರ್ ಇವತ್ತೂ ಓಡ್ತದೆ. ಬಿಲ್ ಬರ್ತದೆ, ಪ್ರಿಂಟ್ ಬರ್ತದೆ. ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್ ಮಾತ್ರ.

ಈ ಅಪ್‌ಡೇಟ್ ಅಂದರೆ ಮನೆಯ ಹಂಚು ಕೈಯಾಡಿಸುವ ಕೆಲಸ ಇದ್ದ ಹಾಗೆ. ವಿಂಡೋಸ್‌ನಲ್ಲಿ ಆಗಾಗ ತೂತು ಪತ್ತೆ ಆಗ್ತದೆ, ಕಂಪೆನಿ ಅದನ್ನು ಮುಚ್ಚುತ್ತದೆ. ಇನ್ನು ವಿಂಡೋಸ್ 10ರಲ್ಲಿ ಸಿಗುವ ತೂತುಗಳನ್ನು ಪುಕ್ಕಟೆ ಮುಚ್ಚುವವರಿಲ್ಲ. ಹಂಚು ಒಡೆದ ದಿನವೇ ಮನೆ ಬೀಳುವುದಿಲ್ಲ, ಆದರೆ ಮಳೆ ಬಂದಾಗ ಗೊತ್ತಾಗ್ತದೆ.

ಅಂಥ ಮಳೆ ಒಮ್ಮೆ ಬಂದದ್ದು 2017ರ ಮೇ ತಿಂಗಳಲ್ಲಿ. ವನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ನಿಂತಿತ್ತು. ಆ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಬಂದಿತ್ತು. ಸಿಕ್ಕಿಬಿದ್ದದ್ದು ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳು. ಅಂಗಡಿಯ ಮಟ್ಟಿಗೆ ಇದರ ಅರ್ಥ ಇಷ್ಟೇ: ವರ್ಷಗಟ್ಟಲೆಯ ಸಾಲದ ಲೆಕ್ಕ, ಜಿಎಸ್‌ಟಿ ಬಿಲ್, ಗಿರಾಕಿಗಳ ಆಧಾರ್ ಸ್ಕ್ಯಾನ್, ಎಲ್ಲ ಒಂದೇ ಬೆಳಿಗ್ಗೆ ತೆರೆಯದಂತಾಗಬಹುದು.

ಇನ್ನೊಂದು ತೊಂದರೆ ನಿಧಾನವಾಗಿ ಬರುವಂಥದ್ದು. ವಿಂಡೋಸ್ 7ರ ಬೆಂಬಲ ಮುಗಿದದ್ದು 2020ರ ಜನವರಿ 14ಕ್ಕೆ. ಅನೇಕರು ಅದನ್ನೇ ಓಡಿಸಿದರು, ಏನೂ ಆಗಲಿಲ್ಲ ಅಂತಲೂ ಹೇಳಿದರು. 2023ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ವಿಂಡೋಸ್ 7ಕ್ಕೆ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತು. ಬ್ರೌಸರ್ ಹಳತಾದಂತೆ ಬ್ಯಾಂಕ್, ಸರ್ಕಾರಿ ವೆಬ್‌ಸೈಟ್‌ಗಳು ಒಂದೊಂದಾಗಿ ಕೈ ಕೊಡಲು ಶುರು ಮಾಡ್ತವೆ. ವಿಂಡೋಸ್ 10ಕ್ಕೆ ಆ ಹಂತ ಇನ್ನೂ ಬಂದಿಲ್ಲ. ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿಗೂ, ಡಿಫೆಂಡರ್ ಎಂಬ ಆಂಟಿವೈರಸ್‌ನ ವೈರಸ್ ಪಟ್ಟಿಗೂ 2028ರ ಅಕ್ಟೋಬರ್ ತನಕ ಅಪ್‌ಡೇಟ್ ಕೊಡುವುದಾಗಿ ಹೇಳಿದೆ. ಅಂದರೆ ಯೋಚನೆ ಮಾಡ್ಲಿಕ್ಕೆ ಸಮಯ ಉಂಟು, ಮಲಗ್ಲಿಕ್ಕೆ ಇಲ್ಲ.

ಗಟ್ಟಿಮುಟ್ಟಾದ ಕಂಪ್ಯೂಟರಿಗೆ 11 ಯಾಕೆ ಹೋಗುವುದಿಲ್ಲ?

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಲೈಸೆನ್ಸ್ ಇರುವ ವಿಂಡೋಸ್ 10ರಿಂದ ಅದಕ್ಕೆ ಹೋಗುವುದು ಉಚಿತ. ಆದರೆ ಅದು ಯಂತ್ರಕ್ಕೆ ಕೆಲವು ಷರತ್ತು ಹಾಕ್ತದೆ: ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು, ಅಂದರೆ 2017ರ ಕೊನೆಯಿಂದ ಈಚಿನದು. ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಮೇಲಿನದು.

ನಿಮ್ಮದು ಯಾವುದು ಅಂತ ನೋಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್ ಒತ್ತಿ. ಪ್ರೊಸೆಸರ್ ಹೆಸರಿನ ಮುಂದೆ ಅಂಕಿ ಇರ್ತದೆ. ಐ3 7100 ಅಂತ ಇದ್ದರೆ ಮೊದಲ ಅಂಕಿ 7, ಅದು ಏಳನೇ ತಲೆಮಾರು, ಆಗುವುದಿಲ್ಲ. ಐ3 8100 ಆದರೆ ಎಂಟನೆಯದು, ಆಗ್ತದೆ. ಐ5 10400 ಹೀಗೆ ಐದಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಬೇಕು, ಅದು ಹತ್ತನೆಯದು. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಕೂಡ ಆಗ್ತದಾ ಇಲ್ಲವಾ ಅಂತ ಹೇಳ್ತದೆ.

ಇಲ್ಲೊಂದು ವಿಷಯ ಗಮನಿಸಿ. ಪ್ರೊಸೆಸರ್ ಸರಿ ಇದ್ದೂ "ಟಿಪಿಎಂ ಇಲ್ಲ" ಅಂತ ಬಂದರೆ ಕಂಪ್ಯೂಟರ್ ಕೆಲಸಕ್ಕೆ ಬಾರದ್ದು ಅಂತಲ್ಲ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಟಿಪಿಎಂ ಒಳಗೇ ಇರ್ತದೆ, ಬಯೋಸ್‌ನಲ್ಲಿ ಆಫ್ ಆಗಿರ್ತದೆ. ಗೊತ್ತಿದ್ದವರು ಅದನ್ನು ಆನ್ ಮಾಡಿಕೊಟ್ಟರೆ ಸಾಕು. ಈ ಒಂದು ಸ್ವಿಚ್ ನೋಡದೆ ಹೊಸ ಕಂಪ್ಯೂಟರ್ ತೆಗೆದುಕೊಂಡರೆ ದುಡ್ಡು ದಂಡ.

ಎದುರಿಗಿರುವ ನಾಲ್ಕು ದಾರಿ

ಒಂದು, ಯಂತ್ರ ಒಪ್ಪಿದರೆ ಉಚಿತವಾಗಿ ವಿಂಡೋಸ್ 11ಕ್ಕೆ ಹೋಗುವುದು. ಫೈಲ್, ಸಾಫ್ಟ್‌ವೇರ್ ಸಾಮಾನ್ಯವಾಗಿ ಇದ್ದ ಹಾಗೇ ಉಳಿಯುತ್ತವೆ. ಸರಿ ಕಾಣದಿದ್ದರೆ 10 ದಿನದ ಒಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿ ಹಳೆಯ ವಿಂಡೋಸ್‌ಗೆ ಮರಳಬಹುದು. ಹನ್ನೊಂದನೇ ದಿನ ಆ ಬಾಗಿಲು ಮುಚ್ಚಿರ್ತದೆ. ಹಾಗಾಗಿ ಬದಲಾಯಿಸಿದ ಮೊದಲ ವಾರದಲ್ಲಿಯೇ ಪ್ರಿಂಟರ್, ಸ್ಕ್ಯಾನರ್, ಬಿಲ್ಲಿಂಗ್ ಎಲ್ಲ ಪರೀಕ್ಷಿಸಿ ಮುಗಿಸಬೇಕು.

ಎರಡು, ವಿಂಡೋಸ್ 10ರಲ್ಲೇ ಉಳಿದು ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವುದು. ಇದಕ್ಕೆ ಇಎಸ್‌ಯು ಅಂತ ಹೆಸರು. ಸಾಮಾನ್ಯ ಬಳಕೆದಾರರ ಯೋಜನೆ 2026ರ ಅಕ್ಟೋಬರ್ 13ರ ತನಕ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಇಲ್ಲ. ಅದು ಬೇಡ ಅಂದರೆ ಸಾವಿರ ರಿವಾರ್ಡ್ಸ್ ಅಂಕ ಅಥವಾ 30 ಡಾಲರ್. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಖಾತೆ ಬೇಕೇ ಬೇಕು. ಸರ್ವರ್‌ಗೆ ಸೇರಿಸಿ ಡೊಮೈನ್‌ನಲ್ಲಿ ಇಟ್ಟ ಕಚೇರಿ ಕಂಪ್ಯೂಟರ್‌ಗಳಿಗೆ ಇದು ಅನ್ವಯ ಆಗುವುದಿಲ್ಲ. ಸಂಸ್ಥೆಗಳ ಯೋಜನೆ ಬೇರೆ ಉಂಟು: ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ನಂತರ ವರ್ಷ ವರ್ಷ ದುಪ್ಪಟ್ಟು.

ಮೂರು, ಲಿನಕ್ಸ್ ಹಾಕುವುದು. ಲೈಸೆನ್ಸ್ ಖರ್ಚಿಲ್ಲ, ಹಳೆಯ ಯಂತ್ರಕ್ಕೂ ಹೊಂದುತ್ತದೆ. ಆದರೆ ಎಲ್ಲರ ಕೆಲಸಕ್ಕೂ ಆಗುವುದಿಲ್ಲ. ವಿವರ ಮುಂದೆ ಉಂಟು.

ನಾಲ್ಕು, ಹೊಸ ಕಂಪ್ಯೂಟರ್.

ಐದನೇ ದಾರಿ ಅಂತ ಕೆಲವರು ಹೇಳ್ತಾರೆ: ಷರತ್ತು ತಪ್ಪಿಸಿ ಹಳೆಯ ಯಂತ್ರಕ್ಕೇ 11 ಹಾಕಿಕೊಡುವುದು. ಹಾಗೆ ಹಾಕಲು ಆಗ್ತದೆ, ಓಡುತ್ತದೆ ಕೂಡ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಅಪ್‌ಡೇಟಿಗಾಗಿಯೇ ಬದಲಾಯಿಸುವುದು ಅಂದಮೇಲೆ ಅದೇ ಖಾತರಿ ಇಲ್ಲದಿದ್ದರೆ ಎಂತ ಪ್ರಯೋಜನ? ಇನ್ನು ಕೋರ್ 2 ಡ್ಯುವೋ ಕಾಲದ ಯಂತ್ರಗಳಿಗೆ 11ರ ಈಚಿನ ಆವೃತ್ತಿಗಳು ಹೀಗೂ ಹೋಗುವುದಿಲ್ಲ.

ಆ್ಯಕ್ಟಿವೇಟರ್ ಹಾಕಿ ಓಡಿಸುವ ನಕಲಿ ವಿಂಡೋಸ್ ಇದ್ದವರು ಇದೇ ಸಂದರ್ಭದಲ್ಲಿ ಯೋಚಿಸುವುದು ಒಳ್ಳೆಯದು. ಪುಕ್ಕಟೆ ಸಿಗುವ ಆ್ಯಕ್ಟಿವೇಟರ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಸೇರಿ ಬರುವುದು ಹೊಸತಲ್ಲ. ಗಿರಾಕಿಯ ಬ್ಯಾಂಕ್ ಕೆಲಸ ಮಾಡಿಕೊಡುವ ಕಂಪ್ಯೂಟರಿನಲ್ಲಿ ಅದು ಇರಲೇಬಾರದು.

ಮೊದಲು ಪೇಪರ್, ಪೆನ್ನು

ಯಾವ ದಾರಿ ಹಿಡಿದರೂ ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿ: ಈ ಕಂಪ್ಯೂಟರಿನಲ್ಲಿ ದಿನಾ ಏನೇನು ಕೆಲಸ ಆಗ್ತದೆ, ಇದಕ್ಕೆ ಯಾವ ಯಾವ ಸಾಧನ ಸಿಕ್ಕಿಸಿದೆ. ಆ ಪಟ್ಟಿಯೇ ದಾರಿ ತೋರಿಸ್ತದೆ. ಫಾರ್ಮ್ಯಾಟ್ ಮಾಡಿದ ಮೇಲೆ ನೆನಪಾಗುವ ವಿಷಯಗಳು ಸಾಮಾನ್ಯವಾಗಿ ಇವೇ:

ಟ್ಯಾಲಿ: ಇದರ ಲೈಸೆನ್ಸ್ ಆ ಕಂಪ್ಯೂಟರಿಗೇ ಅಂಟಿರ್ತದೆ. ಫಾರ್ಮ್ಯಾಟ್ ಮಾಡುವ ಅಥವಾ ಯಂತ್ರ ಬದಲಿಸುವ ಮೊದಲು ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಬೇಕು. ಡೇಟಾ ಬ್ಯಾಕಪ್ ಪೆನ್‌ಡ್ರೈವಿಗೆ ತೆಗೆದರೆ ಸಾಲದು, ಇನ್ನೊಂದು ಕಂಪ್ಯೂಟರಿನಲ್ಲಿ ಅದು ತೆರೆಯುತ್ತದಾ ಅಂತ ನೋಡಬೇಕು. ತೆರೆದು ನೋಡದ ಬ್ಯಾಕಪ್ ನಂಬಬೇಡಿ.

ಡಿಜಿಟಲ್ ಸಹಿ: ಡಿಎಸ್‌ಸಿ ಇರುವುದು ಯುಎಸ್‌ಬಿ ಟೋಕನ್ ಒಳಗೆ, ಕಂಪ್ಯೂಟರಿನಲ್ಲಿ ಅಲ್ಲ. ಹಾಗಾಗಿ ಅದು ಅಳಿಯುವುದಿಲ್ಲ. ಆದರೆ ಟೋಕನ್‌ನ ಡ್ರೈವರ್ ಮತ್ತು ಸಹಿ ಹಾಕುವ ಪ್ರೋಗ್ರಾಂ ಹೊಸದಾಗಿ ಹಾಕಬೇಕು, ಪಾಸ್‌ವರ್ಡ್ ಗೊತ್ತಿರಬೇಕು. ಜಿಎಸ್‌ಟಿಯಲ್ಲಿ ಕಂಪೆನಿ ಮತ್ತು ಎಲ್‌ಎಲ್‌ಪಿಗಳಿಗೆ ಡಿಎಸ್‌ಸಿ ಕಡ್ಡಾಯ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರು ಒಟಿಪಿಯಲ್ಲೇ ಫೈಲ್ ಮಾಡಬಹುದು.

ಬೆರಳಚ್ಚು ಸಾಧನ: ಆಧಾರ್ ಮೂಲಕ ಹಣ ತೆಗೆದುಕೊಡುವವರು, ಸೇವಾ ಕೇಂದ್ರ ನಡೆಸುವವರು ಗಮನಿಸಬೇಕಾದ್ದು. ಸಾಧನಕ್ಕೆ ಆರ್‌ಡಿ ಸರ್ವಿಸ್ ಎಂಬ ಪ್ರೋಗ್ರಾಂ ಬೇಕು. ನಿಮ್ಮ ಮಾದರಿಗೆ ವಿಂಡೋಸ್ 11ರ ಡ್ರೈವರ್ ಉಂಟಾ ಅಂತ ಮೊದಲೇ ವಿಚಾರಿಸಿ.

ಪ್ರಿಂಟರ್: ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಈಗಿರುವುದು 32 ಬಿಟ್ ವಿಂಡೋಸ್ 10 ಆದರೆ ನೇರ ಅಪ್‌ಗ್ರೇಡ್ ಇಲ್ಲ, ಹೊಸದಾಗಿಯೇ ಹಾಕಬೇಕು. ಆಗ ಹಳೆಯ ಪ್ರಿಂಟರಿನ 32 ಬಿಟ್ ಡ್ರೈವರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಗಲ ಕೇಬಲ್‌ನ ಡಾಟ್ ಮ್ಯಾಟ್ರಿಕ್ಸ್ ಇದ್ದವರು ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟ್ ಉಂಟಾ ಅಂತ ಹಿಂದೆ ತಿರುಗಿಸಿ ನೋಡಿಯೇ ತೆಗೆದುಕೊಳ್ಳಿ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಫೈಲ್

ಆಮಂತ್ರಣ ಪತ್ರಿಕೆ, ಫ್ಲೆಕ್ಸ್, ಅರ್ಜಿ, ಕರಾರುಪತ್ರ ಟೈಪ್ ಮಾಡುವವರಿಗೆ ಇದು ದೊಡ್ಡ ವಿಷಯ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಾಣುವುದು ಕನ್ನಡ, ಆದರೆ ಫೈಲ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆ. ಫಾಂಟ್ ಅದರ ಮೇಲೆ ಕನ್ನಡದ ಮುಖವಾಡ ಹಾಕ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಮುಖವಾಡ ಕಳಚುತ್ತದೆ, ಹತ್ತು ವರ್ಷದ ಫೈಲ್‌ಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣ್ತವೆ. ಫೈಲ್ ಹಾಳಾಗಿಲ್ಲ, ಫಾಂಟ್ ಇಲ್ಲ ಅಷ್ಟೆ. ಆದ್ದರಿಂದ ಬ್ಯಾಕಪ್ ತೆಗೆಯುವಾಗ ಫೈಲ್ ಜೊತೆ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಬೇಕು. ಪದೇ ಪದೇ ಬೇಕಾಗುವ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಾಯಿಸಿಕೊಂಡರೆ ಇನ್ನೂ ಒಳ್ಳೆಯದು. ನುಡಿ ಮತ್ತು ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕ ಉಂಟು. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಓದಿ ನೋಡಿ.

ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡ ಬಂದದ್ದು ಎಕ್ಸ್‌ಪಿ ಕಾಲದಲ್ಲಿ, ತುಂಗಾ ಫಾಂಟ್ ಜೊತೆಗೆ. ಈಗ ಕನ್ನಡಕ್ಕೆ ತಾನಾಗಿ ಬರುವ ಫಾಂಟ್ ನಿರ್ಮಲಾ. ತುಂಗಾದಲ್ಲಿ ಮಾಡಿಟ್ಟ ಅರ್ಜಿ ಹೊಸ ಕಂಪ್ಯೂಟರಿನಲ್ಲಿ ಒಂದು ಪುಟ ಹೋಗಿ ಒಂದೂಕಾಲು ಪುಟ ಆದರೆ ಗಾಬರಿ ಬೇಡ. ತುಂಗಾವನ್ನು ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ, ಕನ್ನಡದ ಹೆಚ್ಚುವರಿ ಫಾಂಟ್‌ಗಳು ಅಂತ ಇರುವಲ್ಲಿಂದ ಉಚಿತವಾಗಿ ಹಾಕಿಕೊಳ್ಳಬಹುದು.

ಕೀಬೋರ್ಡಿನ ವಿಷಯ ಬೇರೆ. ವಿಂಡೋಸ್ 11ರಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕನ್ನಡ ಕೀಬೋರ್ಡ್ ತಾವಾಗಿಯೇ ಸಿಗ್ತವೆ. ಸೇರಿಸಿಕೊಂಡ ಮೇಲೆ ವಿಂಡೋಸ್ ಕೀ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್, ಕನ್ನಡ ಬದಲಾಗ್ತದೆ. ಆದರೆ ನುಡಿಯಲ್ಲಿ ಕೈ ಕೂತವರಿಗೆ ಇವೆರಡೂ ತಡವರಿಸುವ ಹಾಗೆ ಮಾಡ್ತವೆ. ನುಡಿಯ ವಿನ್ಯಾಸ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಅದೇ ಬೇಕಾದರೆ ಯುನಿಕೋಡ್ ಇರುವ ಹೊಸ ನುಡಿಯನ್ನೇ ಹಾಕಿಕೊಳ್ಳಬೇಕು.

ವಿಂಡೋಸ್ 11: ಮೊದಲ ವಾರದ ಕಿರಿಕಿರಿ

ಮೊದಲು ಕಣ್ಣಿಗೆ ಬೀಳುವುದು ಸ್ಟಾರ್ಟ್ ಬಟನ್. ಎಡಮೂಲೆಯಲ್ಲಿ ಇದ್ದದ್ದು ನಡುವಿಗೆ ಬಂದಿರ್ತದೆ. ಕೈ ಮಾತ್ರ ಅಭ್ಯಾಸಬಲದಿಂದ ಎಡಮೂಲೆಗೇ ಹೋಗ್ತದೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅಲೈನ್‌ಮೆಂಟ್ ಲೆಫ್ಟ್ ಅಂತ ಮಾಡಿದರೆ ಹಳೆಯ ಜಾಗಕ್ಕೆ ಬರ್ತದೆ.

ಎರಡನೆಯದು ರೈಟ್ ಕ್ಲಿಕ್. ಕಟ್, ಕಾಪಿ, ಪೇಸ್ಟ್ ಎಂಬ ಪದಗಳಿದ್ದ ಜಾಗದಲ್ಲಿ ಮೇಲ್ಗಡೆ ಸಣ್ಣ ಚಿತ್ರಗಳ ಸಾಲು. ಹಳೆಯ ಪೂರ್ತಿ ಪಟ್ಟಿ ಬೇಕಾದರೆ "ಶೋ ಮೋರ್ ಆಪ್ಷನ್ಸ್" ಒತ್ತಬೇಕು, ಅಥವಾ ಶಿಫ್ಟ್ ಹಿಡಿದು ಎಫ್10. ದಿನಕ್ಕೆ ನೂರು ಸಲ ರೈಟ್ ಕ್ಲಿಕ್ ಮಾಡುವ ಜೆರಾಕ್ಸ್ ಅಂಗಡಿಯವರಿಗೆ ಮೊದಲ ವಾರ ಸಿಟ್ಟು ಬರುವುದು ಇಲ್ಲೇ. ಕಂಟ್ರೋಲ್ ಸಿ, ಕಂಟ್ರೋಲ್ ವಿ ರೂಢಿ ಇದ್ದವರಿಗೆ ಏನೂ ವ್ಯತ್ಯಾಸ ಇಲ್ಲ.

ಪ್ರಿಂಟ್ ಸ್ಕ್ರೀನ್ ಕೀ ಒತ್ತಿದರೆ ಇಡೀ ಪರದೆ ಸದ್ದಿಲ್ಲದೆ ಕಾಪಿ ಆಗ್ತಿತ್ತು. ಈಗ ಪರದೆ ಮಬ್ಬಾಗಿ, ಎಷ್ಟು ಭಾಗ ಬೇಕು ಅಂತ ಎಳೆದು ತೋರಿಸಲು ಕೇಳ್ತದೆ. ಮೊದಲ ದಿನ ಕಂಪ್ಯೂಟರ್ ಹ್ಯಾಂಗ್ ಆಯ್ತು ಅಂದುಕೊಳ್ಳುವವರೇ ಹೆಚ್ಚು. ಆಧಾರ್ ಪ್ರತಿಯಿಂದ ಫೋಟೊ ಭಾಗ ಮಾತ್ರ ಕತ್ತರಿಸುವಂಥ ಕೆಲಸಕ್ಕೆ ಮಾತ್ರ ಇದು ಹಳೆಯದಕ್ಕಿಂತ ಒಳ್ಳೆಯದು.

ನೋಟ್‌ಪ್ಯಾಡ್ ಕೂಡ ಬದಲಾಗಿದೆ. ಸೇವ್ ಮಾಡದೆ ಮುಚ್ಚಿದರೂ ಮತ್ತೆ ತೆರೆದಾಗ ಬರೆದದ್ದು ಹಾಗೇ ಇರ್ತದೆ. ಮನೆಯಲ್ಲಿ ಇದು ಅನುಕೂಲ. ಅಂಗಡಿಯಲ್ಲಿ ಗಿರಾಕಿಯೊಬ್ಬರ ಖಾತೆ ನಂಬರ್, ಪಾಸ್‌ವರ್ಡ್ ಟೈಪ್ ಮಾಡಿದ್ದರೆ ಮುಂದಿನ ಗಿರಾಕಿಯ ಎದುರು ಅದು ತೆರೆದುಕೊಳ್ಳಬಹುದು. ಹೊಸ ಖಾಲಿ ಪುಟ ಮಾತ್ರ ತೆರೆಯಲಿ ಅಂತ ಅದರ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ.

ಡೆಸ್ಕ್‌ಟಾಪಿನಲ್ಲಿಟ್ಟ ಫೈಲ್ ಒನ್‌ಡ್ರೈವ್‌ಗೆ ಹೋಗುವುದು ಇನ್ನೊಂದು ಗೊಂದಲ. ಬ್ಯಾಕಪ್ ಮಾಡಲಾ ಅಂತ ಕೇಳಿದಾಗ ಓದದೆ ಹೂಂ ಅಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಅಂತರ್ಜಾಲಕ್ಕೆ ಏರಲು ಶುರುವಾಗ್ತದೆ. ಉಚಿತ ಜಾಗ 5 ಜಿಬಿ ಮಾತ್ರ. ಸ್ಟುಡಿಯೊ, ಡಿಟಿಪಿಯವರಿಗೆ ಅದು ಒಂದು ದಿನಕ್ಕೂ ಸಾಲದು, ಆಮೇಲೆ "ಜಾಗ ತುಂಬಿದೆ, ಹಣ ಕಟ್ಟಿ" ಎಂಬ ಸಂದೇಶ ಶುರು. ಬೇಡದಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿ, ಫೈಲ್‌ಗಳು ಕಂಪ್ಯೂಟರಿಗೆ ಮರಳಿದ್ದು ಖಚಿತ ಆದ ಮೇಲೆಯೇ ಅಲ್ಲಿಂದ ಅಳಿಸಿ.

ವೇಗದ ಬಗ್ಗೆ ಒಂದು ಮಾತು. 4 ಜಿಬಿ ರ‍್ಯಾಮ್ ಷರತ್ತಿಗೆ ಸಾಕು, ಕೆಲಸಕ್ಕೆ ಸಾಲುವುದಿಲ್ಲ. 8 ಜಿಬಿ ಮತ್ತು ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ಹಳೆಯ ಯಂತ್ರವೂ ಲಗುಬಗೆಯಿಂದ ಓಡ್ತದೆ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ 11 ಹಾಕಿದರೆ ಬೆಳಿಗ್ಗೆ ಅಂಗಡಿ ತೆರೆದು, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿದರೂ ಅದು ಇನ್ನೂ ತೆರೆಯುತ್ತಲೇ ಇರ್ತದೆ.

ಖಾತೆ ಯಾರ ಹೆಸರಿನಲ್ಲಿ?

ಇದು ಕಿರಿಕಿರಿಯಲ್ಲ, ನಿಜವಾದ ಅಪಾಯ. ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ 11 ಹೋಮ್ ತೆರೆಯುವಾಗ ಮೈಕ್ರೋಸಾಫ್ಟ್ ಖಾತೆ ಕೇಳ್ತದೆ. ಆ ಹೊತ್ತಿಗೆ ಇಮೇಲ್ ನೆನಪಾಗದೆ, ಅಂಗಡಿ ಹುಡುಗನದ್ದೋ ಕಂಪ್ಯೂಟರ್ ಹಾಕಿಕೊಡಲು ಬಂದವರದ್ದೋ ಇಮೇಲ್ ಕೊಟ್ಟು ಮುಗಿಸುವುದು ಸಾಮಾನ್ಯ.

ಈಚಿನ ಆವೃತ್ತಿಗಳಲ್ಲಿ ಹೀಗೆ ಹೊಸದಾಗಿ ಲಾಗಿನ್ ಆದಾಗ ಡಿಸ್ಕಿಗೆ ತಾನಾಗಿ ಬೀಗ ಬೀಳಬಹುದು. ಅದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಅಂತಾರೆ. ಕಂಪ್ಯೂಟರ್ ಕದ್ದರೂ ಕಳ್ಳನಿಗೆ ಫೈಲ್ ಸಿಗಬಾರದು ಅಂತ ಮಾಡಿದ ವ್ಯವಸ್ಥೆ. ಅದರ 48 ಅಂಕಿಯ ರಿಕವರಿ ಕೀ ಹೋಗಿ ಕೂರುವುದು ಆ ಖಾತೆಯಲ್ಲಿ. ಮುಂದೊಂದು ದಿನ ಮದರ್‌ಬೋರ್ಡ್ ರಿಪೇರಿಯೋ ಬಯೋಸ್ ಬದಲಾವಣೆಯೋ ಆದಾಗ ಕಂಪ್ಯೂಟರ್ ಆ ಕೀ ಕೇಳ್ತದೆ. ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದರೆ, ಅವನಿಗೆ ಪಾಸ್‌ವರ್ಡ್ ಮರೆತಿದ್ದರೆ, ಅಂಗಡಿಯ ಲೆಕ್ಕ ಡಿಸ್ಕಿನಲ್ಲಿ ಇದ್ದೂ ಇಲ್ಲದ ಹಾಗೆ. ರಿಪೇರಿಯವರೂ ಏನೂ ಮಾಡಲಾಗುವುದಿಲ್ಲ.

ಪರಿಹಾರಕ್ಕೆ ಹತ್ತು ನಿಮಿಷ ಸಾಕು. ಮಾಲೀಕರ ಹೆಸರು, ಮಾಲೀಕರ ಮೊಬೈಲ್ ನಂಬರಿನಲ್ಲೇ ಖಾತೆ ತೆರೆಯಿರಿ. ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಟ್ರೇಡ್ ಲೈಸೆನ್ಸ್ ಇಡುವ ಫೈಲಿನಲ್ಲಿಡಿ. ಇಎಸ್‌ಯು ತೆಗೆದುಕೊಳ್ಳುವವರೂ ಖಾತೆ ಮಾಲೀಕರದ್ದೇ ಅಂತ ನೋಡಿಕೊಳ್ಳಿ.

ಲಿನಕ್ಸ್: ಯಾರಿಗೆ ಆಗ್ತದೆ, ಯಾರಿಗೆ ಆಗುವುದಿಲ್ಲ

ಲಿನಕ್ಸ್ ಅಂದರೆ ಇಂಜಿನಿಯರುಗಳಿಗೆ ಮಾತ್ರ ಅನ್ನುವ ಮಾತು ಹಳೆಯದಾಯಿತು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಲಿನಕ್ಸ್‌ನಲ್ಲಿ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಅದನ್ನು ಸಿದ್ಧ ಮಾಡಿ ಕೊಡ್ತದೆ. 2019ರಲ್ಲಿ ಹೊಸ ಆವೃತ್ತಿ ತಂದಾಗ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹಾಕುವುದಾಗಿಯೂ, ಸುಮಾರು 3,000 ಕೋಟಿ ರೂ. ಉಳಿಯುವುದಾಗಿಯೂ ಹೇಳಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತವರು.

ವಿಂಡೋಸ್ ರೂಢಿಯಾದವರಿಗೆ ಹತ್ತಿರ ಅನಿಸುವುದು ಲಿನಕ್ಸ್ ಮಿಂಟ್. ಮೆನು ಎಡಗಡೆ ಕೆಳಗೆ, ಗಡಿಯಾರ ಬಲಗಡೆ, ನೋಡಲಿಕ್ಕೆ ಹಳೆಯ ವಿಂಡೋಸ್ ಇದ್ದ ಹಾಗೆಯೇ. ಇದರ 22ನೇ ಆವೃತ್ತಿಗೆ 2029ರ ಏಪ್ರಿಲ್ ತನಕ ಅಪ್‌ಡೇಟ್ ಇರ್ತದೆ. ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿ ಏನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್ ಸಿಕ್ಕಿಸಿ ಒಂದು ಪುಟ ಪ್ರಿಂಟ್ ತೆಗೆಯಿರಿ. ಬಂದರೆ ಮುಂದಿನ ಯೋಚನೆ, ಬಾರದಿದ್ದರೆ ಪೆನ್‌ಡ್ರೈವ್ ತೆಗೆದರಾಯ್ತು.

ಬ್ರೌಸರಿನಲ್ಲಿ ಆಗುವ ಕೆಲಸ ಎಲ್ಲ ಇದರಲ್ಲಿ ಆಗ್ತದೆ: ಸೇವಾಸಿಂಧು, ಪಹಣಿ, ಬಸ್ಸು ರೈಲು ಟಿಕೆಟ್, ವಾಟ್ಸಾಪ್ ವೆಬ್, ಇಮೇಲ್. ಅಪ್‌ಡೇಟ್ ಬಂದರೆ ಗಿರಾಕಿ ನಿಂತಿರುವಾಗ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ನೀವು ಹೇಳಿದಾಗಲೇ ಆಗುವುದು. ಲಿಬ್ರೆ ಆಫೀಸ್‌ನಲ್ಲಿ ಅರ್ಜಿ, ಬಿಲ್ ತಯಾರಿಸಬಹುದು. ನುಡಿಯಲ್ಲಿ ಕಲಿತವರಿಗೆ ಒಂದು ಸಂತೋಷದ ವಿಷಯ: ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಅದೇ ವಿನ್ಯಾಸ ಮೊದಲೇ ಇರ್ತದೆ, ಬೇರೆ ಏನೂ ಹಾಕಬೇಕಾಗಿಲ್ಲ.

ಕಷ್ಟಗಳೂ ಉಂಟು. ಸಿ ಡ್ರೈವ್, ಡಿ ಡ್ರೈವ್ ಎಂಬ ಹೆಸರೇ ಇಲ್ಲದ್ದರಿಂದ ಮೊದಲ ದಿನ ಫೈಲ್ ಎಲ್ಲಿ ಸೇವ್ ಆಯ್ತು ಅಂತ ಹುಡುಕಬೇಕಾಗ್ತದೆ. ವಿಂಡೋಸ್‌ನ ಸೆಟಪ್ ಫೈಲ್ ಇಲ್ಲಿ ನಡೆಯುವುದಿಲ್ಲ. ಟ್ಯಾಲಿ ಲಿನಕ್ಸ್‌ಗೆ ಬರುವುದಿಲ್ಲ. ಪೇಜ್‌ಮೇಕರ್, ಫೋಟೊಶಾಪ್, ಕೋರೆಲ್‌ಡ್ರಾ ನಂಬಿದ ಡಿಟಿಪಿಯವರಿಗೆ ಇದು ದಾರಿಯಲ್ಲ. ಬೆರಳಚ್ಚು ಸಾಧನಗಳ ಪ್ರೋಗ್ರಾಂ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ಸಿಗುವುದರಿಂದ ಸೇವಾ ಕೇಂದ್ರದವರಿಗೂ ಕಷ್ಟ. ಅಂಗಡಿಗಳಲ್ಲಿ ಕಾಣುವ ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸಲೀಸಾಗಿ ಹೊಂದುವುದಿಲ್ಲ. ಎರಡು ಕಂಪ್ಯೂಟರ್ ಇದ್ದರೆ ಬಿಲ್ಲಿಂಗಿಗೆ ವಿಂಡೋಸ್, ಗಿರಾಕಿಗಳ ಬ್ರೌಸಿಂಗ್ ಮತ್ತು ಪ್ರಿಂಟಿಗೆ ಬರುವ ಹಳತಕ್ಕೆ ಲಿನಕ್ಸ್ ಅಂತ ಹಂಚಿಕೊಳ್ಳಬಹುದು. ಊರಿನವರೆಲ್ಲರ ಪೆನ್‌ಡ್ರೈವ್ ಬೀಳುವುದು ಆ ಎರಡನೆಯದಕ್ಕೇ. ವಿಂಡೋಸ್‌ಗಾಗಿ ಬರೆದ ಪೆನ್‌ಡ್ರೈವ್ ವೈರಸ್‌ಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಉಪ್ಪು ಗಾಳಿ, ಕರೆಂಟು, ಸಮಯ

ಕೋಡಿ, ಗಂಗೊಳ್ಳಿಯಂಥ ಕಡಲ ಬದಿಯಲ್ಲಿ ಒಂದು ಲೆಕ್ಕ ಜಾಸ್ತಿ ಹಾಕಬೇಕು. ಉಪ್ಪಿನ ಗಾಳಿ ರ‍್ಯಾಮ್, ಕೇಬಲ್ ಕೂಡುವ ಜಾಗಗಳಲ್ಲಿ ಕಿಲುಬು ಹಿಡಿಸುತ್ತದೆ. ಕಿಲುಬು ಹಿಡಿದ ಎಂಟು ಹತ್ತು ವರ್ಷದ ಮದರ್‌ಬೋರ್ಡಿಗೆ ಹೊಸ ರ‍್ಯಾಮ್, ಎಸ್‌ಎಸ್‌ಡಿ ಹಾಕಿ ದುಡ್ಡು ಸುರಿಯುವ ಮೊದಲು ಒಮ್ಮೆ ಬಿಚ್ಚಿಸಿ ನೋಡಿ. ಎಸ್‌ಎಸ್‌ಡಿಯನ್ನು ಮುಂದೆ ಬೇರೆ ಯಂತ್ರಕ್ಕೂ ಹಾಕಬಹುದು, ಮದರ್‌ಬೋರ್ಡಿಗೆ ಹಾಕಿದ ದುಡ್ಡು ಹಾಗಲ್ಲ.

ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ವಿಂಡೋಸ್ ಹಾಳಾಗಿ ಕಂಪ್ಯೂಟರ್ ತೆರೆಯದೆ ಹೋಗಬಹುದು. ಸಾದಾ ಯುಪಿಎಸ್ ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ, ಕೆಲಸಕ್ಕೆ ಕೆಲವು ಗಂಟೆಯೇ ಬೇಕಾಗಬಹುದು. ಮೆಸ್ಕಾಂ ವಿದ್ಯುತ್ ನಿಲುಗಡೆ ಹೇಳಿದ ದಿನ, ಗುಡುಗು ಸಿಡಿಲಿನ ಸಂಜೆ ಈ ಕೆಲಸ ಬೇಡವೇ ಬೇಡ.

ವ್ಯಾಪಾರದ ದಿನವನ್ನೂ ನೋಡಿ. ತಿಂಗಳ ಜಿಎಸ್‌ಟಿ ಕಟ್ಟುವವರು 11 ಮತ್ತು 20ನೇ ತಾರೀಕಿನ ಆಸುಪಾಸು ಮುಟ್ಟಬೇಡಿ. ಕೋಟೇಶ್ವರದ ಕೋಡಿ ಹಬ್ಬದ ವಾರ, ಮದುವೆ ಸೀಸನ್‌ನಲ್ಲಿ ಪ್ರಿಂಟಿಂಗ್‌ನವರು, ಶಾಲೆ ಶುರುವಾಗುವ ಹೊತ್ತಿಗೆ ಸ್ಟೇಷನರಿಯವರು ಕೈ ಹಾಕದಿರುವುದೇ ಒಳ್ಳೆಯದು. ಮೀನು ವ್ಯಾಪಾರ, ಐಸ್ ಪ್ಲಾಂಟಿನವರಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿ ಬಿಡುವಿನ ಕಾಲ, ಆದರೆ ಕರೆಂಟ್ ಕೈ ಕೊಡುವ ಕಾಲವೂ ಅದೇ. ಅದಕ್ಕೆ ಮುಂಚೆ ಮುಗಿಸಿದರೆ ಲಾಯ್ಕ್.

ಫೋನ್ ಬಂದರೆ ಇಡಿ

ಬೆಂಬಲ ಮುಗಿದ ಸುದ್ದಿಯನ್ನೇ ಹಿಡಿದು ಮೋಸ ಮಾಡುವವರಿರ್ತಾರೆ. "ಮೈಕ್ರೋಸಾಫ್ಟಿನಿಂದ ಮಾತಾಡ್ತಿದ್ದೇವೆ, ನಿಮ್ಮ ವಿಂಡೋಸ್ ಎಕ್ಸ್‌ಪೈರ್ ಆಗಿದೆ" ಅಂತ ಕರೆ ಬಂದರೆ, ಅಥವಾ ಪರದೆ ತುಂಬ ಕೆಂಪು ಬಣ್ಣ ಬಂದು ಕೂಗಿ ಒಂದು ನಂಬರಿಗೆ ಫೋನ್ ಮಾಡಿ ಅಂದರೆ, ಅದು ಮೋಸ. ಮೈಕ್ರೋಸಾಫ್ಟ್ ಹೀಗೆ ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ನಂಬರ್ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗಲೂ ಎಚ್ಚರ ಬೇಕು. ಡಿಲೀಟ್ ಮಾಡಿದ ಫೈಲ್ ಹಾರ್ಡ್‌ಡಿಸ್ಕಿನಿಂದ ಮತ್ತೆ ತೆಗೆಯಲು ಬರ್ತದೆ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಇದ್ದ ಡಿಸ್ಕನ್ನು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಕೊಡಿ.

ಕೊನೆಗೆ, ಯಾರು ಎಂತ ಮಾಡಬಹುದು?

2018ರ ನಂತರ ತೆಗೆದುಕೊಂಡ ಕಂಪ್ಯೂಟರ್ ಆದರೆ ಮೊದಲು 11ಕ್ಕೆ ಆಗ್ತದಾ ನೋಡಿ, ಹೆಚ್ಚಿನವಕ್ಕೆ ಖರ್ಚಿಲ್ಲದೆ ಆದೀತು. ಅದಕ್ಕಿಂತ ಹಳತು, ಟ್ಯಾಲಿ ಅಥವಾ ಬೆರಳಚ್ಚು ಸಾಧನ ಬೇಕೇ ಬೇಕು ಅನ್ನುವವರು ಇಎಸ್‌ಯು ಹಾಕಿಸಿಕೊಂಡು, ಅದರ ಅವಧಿ ಮುಗಿಯುವುದರೊಳಗೆ ಹೊಸದಕ್ಕೆ ದುಡ್ಡು ಹೊಂದಿಸಿಕೊಳ್ಳಲಿ. ಬರೀ ಬ್ರೌಸರ್, ಪ್ರಿಂಟ್ ಸಾಕು ಅನ್ನುವವರು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಒಮ್ಮೆ ನೋಡಲಿ. ಏನೂ ಮಾಡುವುದಿಲ್ಲ ಅನ್ನುವವರು ಕನಿಷ್ಠ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ನಿಲ್ಲಿಸಲಿ.

ಯಾರೇ ಆಗಲಿ, ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಒಂದು ಕೆಲಸ ಮಾಡಬಹುದು. ಲೆಕ್ಕದ ಬ್ಯಾಕಪ್ ಒಂದು ಪೆನ್‌ಡ್ರೈವಿಗೆ ತೆಗೆದು, ಆ ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಬಿಡದೆ ಮನೆಗೆ ತೆಗೆದುಕೊಂಡು ಹೋಗಿ.